‘ಸರಪಳಿ ಕವಚ’ ಎನ್ನುವುದು ಸರಿಯೇ? ಮಧ್ಯಯುಗದ ಯುರೋಪಿನ ಕವಚಗಳ ಹೆಸರುಗಳ ಬಗ್ಗೆ ಒಂದು ಪ್ರಶ್ನೆ

ತುಂಗಾತೀರ ಅವರ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿ 1066ರಲ್ಲಿ ನಡೆದ ಹೇಸ್ಟಿಂಗ್ಸ್ ಕದನವನ್ನು ಕುರಿತು ಪ್ರೌಢಶಾಲೆಯ ಮಕ್ಕಳು ಓದಬಹುದಾದ ಚಿಕ್ಕ ಪುಸ್ತಕವೊಂದನ್ನು ಬರೆಯುತ್ತಿದ್ದೇನೆ. ಕದನದ ಹಿನ್ನೆಲೆ, ನಾರ್ಮನ್ನರು ಕಡಲು ದಾಟಿ ಬಂದದ್ದು, ಇಂಗ್ಲೆಂಡಿನ ದೊರೆ ಹೆರಾಲ್ಡನ ಸಾವು ಇವೆಲ್ಲವನ್ನೂ ಬರೆದು ಮುಗಿಸಿದ್ದೇನೆ. ಸೈನಿಕರು ತೊಟ್ಟಿದ್ದ ಕವಚದ ವಿಷಯಕ್ಕೆ ಬಂದಾಗ ಮಾತ್ರ ಲೇಖನಿ ನಿಂತುಬಿಟ್ಟಿತು. ಚಿಕ್ಕ ಚಿಕ್ಕ ಕಬ್ಬಿಣದ ಉಂಗುರಗಳನ್ನು ಒಂದಕ್ಕೊಂದು ಕೋದು ಮಾಡಿದ ಆ ಅಂಗಿಯನ್ನು ನಾನು ಮೊದಲ ಕರಡಿನಲ್ಲಿ ‘ಸರಪಳಿ ಕವಚ’ ಎಂದೇ ಬರೆದಿದ್ದೆ. ಅದನ್ನು ಓದಿದ ಹಿರಿಯರೊಬ್ಬರು, ಇಂಗ್ಲಿಷಿನಲ್ಲೇ ‘ಚೈನ್ ಮೇಲ್’ ಎಂಬ ಹೆಸರನ್ನು ಬಲ್ಲವರು ಒಪ್ಪುವುದಿಲ್ಲ, ಹಾಗಿರುವಾಗ ನೀವು ಅದನ್ನು ಕನ್ನಡಕ್ಕೆ ಏಕೆ ತರುತ್ತೀರಿ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಗೊಂದಲ ಇಷ್ಟಕ್ಕೇ ಮುಗಿಯುವುದಿಲ್ಲ. ಒಂದು ಪುಸ್ತಕದಲ್ಲಿ ‘ಹಾಬರ್ಕ್’ ಎಂದಿದೆ, ಇನ್ನೊಂದರಲ್ಲಿ ‘ಹಾಬರ್ಜನ್’, ಮತ್ತೊಂದರಲ್ಲಿ ‘ಬರ್ನಿ’. ಹತ್ತೊಂಬತ್ತನೆಯ ಶತಮಾನದ ಹಳೆಯ ಪುಸ್ತಕವೊಂದು ಉಂಗುರದ ಮೇಲ್, ಜಾಲಂದರದ ಮೇಲ್, ಪಟ್ಟಿಯ ಮೇಲ್ ಎಂದು ಬಗೆಬಗೆಯಾಗಿ ವಿಂಗಡಿಸುತ್ತದೆ. ನನ್ನ ಮಗ ಆಡುವ ಕಂಪ್ಯೂಟರ್ ಆಟದಲ್ಲಿ ‘ಪ್ಲೇಟ್ ಮೇಲ್’ ಎಂಬುದೂ ಒಂದಿದೆ. ಇವುಗಳಲ್ಲಿ ಆ ಕಾಲದವರು ನಿಜವಾಗಿ ಬಳಸುತ್ತಿದ್ದ ಮಾತುಗಳು ಯಾವುವು, ಅನಂತರದವರು ಕಟ್ಟಿದವು ಯಾವುವು? ಕನ್ನಡದಲ್ಲಿ ಮಕ್ಕಳಿಗೆ ಅರ್ಥವಾಗುವಂತೆ, ತಪ್ಪೂ ಆಗದಂತೆ ಏನೆಂದು ಬರೆಯಬಹುದು? ತಿಳಿದವರು ದಯವಿಟ್ಟು ಹೇಳಬೇಕಾಗಿ ಕೋರುತ್ತೇನೆ.

ಹಳೆಯೋದುಗ ಅವರ ಉತ್ತರ

ತುಂಗಾತೀರ ಅವರೇ, ಪದದ ಮೂಲದಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ಹಿರಿಯರ ಆಕ್ಷೇಪಣೆಯ ಬೇರು ಅಲ್ಲಿಯೇ ಇದೆ. ಅಂಚೆ ಎಂಬ ಅರ್ಥದ ‘ಮೇಲ್’ಗೂ ಕವಚದ ‘ಮೇಲ್’ಗೂ ನಂಟಿಲ್ಲ. ಅಂಚೆಯದು ಚೀಲ ಎಂಬ ಅರ್ಥದ ಬೇರೊಂದು ಪದದಿಂದ ಬಂದದ್ದು. ಕವಚದ ‘ಮೇಲ್’ ಫ್ರೆಂಚಿನ ‘ಮಾಯ್’ ಎಂಬುದರಿಂದ ಬಂದಿದೆ, ಅದು ಲ್ಯಾಟಿನ್ನಿನ ‘ಮಾಕುಲ’ದಿಂದ. ‘ಮಾಕುಲ’ ಎಂದರೆ ಚುಕ್ಕೆ, ಮಚ್ಚೆ. ಅದರ ಜೊತೆಗೇ ಬಲೆಯ ಕಣ್ಣು ಎಂಬ ಅರ್ಥವೂ ಉಂಟು. ನಮ್ಮ ಮೀನುಗಾರರು ಬಲೆಯ ಸಂದನ್ನು ‘ಕಣ್ಣು’ ಎನ್ನುವುದನ್ನು ಬಲ್ಲ ಕನ್ನಡಿಗನಿಗೆ ಈ ಅರ್ಥಜೋಡಣೆ ವಿಚಿತ್ರವೆನಿಸಲಾರದು. ಇಂದಿಗೂ ಫ್ರೆಂಚರು ಸ್ವೆಟರ್ ಹೆಣೆಯುವಾಗ ಸೂಜಿಯ ಮೇಲೆ ಎತ್ತುವ ಒಂದೊಂದು ಹೆಣಿಗೆಯನ್ನೂ ‘ಮಾಯ್’ ಎಂದೇ ಕರೆಯುತ್ತಾರೆ.

ಅಂದರೆ ಆ ಹೆಸರನ್ನು ಇಟ್ಟವರ ಕಣ್ಣಿಗೆ ಅದು ಸರಪಳಿಯಾಗಿ ಕಾಣಿಸಲಿಲ್ಲ, ಬಲೆಯಾಗಿ ಕಾಣಿಸಿತು. ಹಳೆಯ ಇಂಗ್ಲಿಷಿನ ಮಹಾಕಾವ್ಯವಾದ ‘ಬೇವುಲ್ಫ್’ನಲ್ಲಿಯೂ ಇದೇ ನೋಟವಿದೆ. ಅಲ್ಲಿ ನಾಯಕನ ಮೈಮೇಲೆ ಹೊಳೆಯುವ ಕವಚವನ್ನು ಕವಿ, ಕಮ್ಮಾರನ ಜಾಣ್ಮೆ ಹೊಲಿದ ಬಲೆ ಎಂದು ವರ್ಣಿಸುತ್ತಾನೆ. ಇನ್ನೊಂದು ಕಡೆ ಕೈಯಿಂದ ನೇಯ್ದ ಯುದ್ಧದಂಗಿ ಎನ್ನುತ್ತಾನೆ. ಆ ಕಾವ್ಯ ಕವಚಕ್ಕೆ ಬಳಸುವ ಪದ ‘ಬುರ್ನೆ’. ನಾರ್ವೆ, ಐಸ್‌ಲ್ಯಾಂಡುಗಳ ಹಳೆಯ ಭಾಷೆಯಲ್ಲಿ ಅದು ‘ಬ್ರುನ್ಯ’. ನೀವು ಕಂಡ ‘ಬರ್ನಿ’ ಈ ಮನೆತನದ್ದು. ಹೆರಾಲ್ಡನ ಕಡೆಯ ಇಂಗ್ಲಿಷ್ ಯೋಧ ತನ್ನ ಅಂಗಿಯನ್ನು ಈ ಹೆಸರಿನಿಂದ ಕರೆದಿರುತ್ತಾನೆ. ಎದುರು ನಿಂತ ನಾರ್ಮನ್ ಯೋಧನ ಬಾಯಲ್ಲಿ ಹೆಚ್ಚುಕಡಿಮೆ ಅಂಥದೇ ಅಂಗಿ ‘ಹಾಬರ್ಕ್’ ಆಗಿರುತ್ತದೆ.

‘ಹಾಬರ್ಕ್’ ಎಂಬುದು ಫ್ರಾಂಕರ ಭಾಷೆಯಿಂದ ಫ್ರೆಂಚಿಗೆ ಬಂದ ಸಮಾಸ. ಕೊರಳು ಎಂಬ ಪದವೂ ಕಾಪಾಡುವುದು ಎಂಬ ಪದವೂ ಸೇರಿ ಆದದ್ದು, ಮೂಲಾರ್ಥದಲ್ಲಿ ಕೊರಳುಗಾಪು. ಕಾಲಕ್ರಮದಲ್ಲಿ ಅದು ಇಡೀ ಅಂಗಿಗೇ ಹೆಸರಾಯಿತು. ‘ಹಾಬರ್ಜನ್’ ಅದರ ಕಿರಿದಾದ ರೂಪ.

ಇನ್ನು ‘ಚೈನ್’ ಎಂಬ ವಿಶೇಷಣ. 1786ರಲ್ಲಿ ಫ್ರಾನ್ಸಿಸ್ ಗ್ರೋಸ್ ಎಂಬ ಪುರಾತನವಸ್ತು ಸಂಶೋಧಕ ಹಳೆಯ ಆಯುಧಗಳನ್ನೂ ಕವಚಗಳನ್ನೂ ಕುರಿತು ಬರೆದ ಗ್ರಂಥದಲ್ಲಿ ‘ಚೈನ್ ಮೇಲ್’ ಎಂಬ ಜೋಡುಮಾತು ಸಿಗುತ್ತದೆ. ನಿಮ್ಮ ಮಗನ ಆಟದ ‘ಪ್ಲೇಟ್ ಮೇಲ್’ ಕೂಡ ಅದೇ ಗ್ರಂಥದಲ್ಲಿ ಕಾಣಿಸಿಕೊಂಡಿದೆ. 1822ರಲ್ಲಿ ವಾಲ್ಟರ್ ಸ್ಕಾಟ್ ತನ್ನ ಕಾದಂಬರಿಯಲ್ಲಿ ‘ಚೈನ್ ಮೇಲ್’ ಎಂದು ಬಳಸಿದ ಮೇಲೆ ಓದುಗರೆಲ್ಲರ ನಾಲಿಗೆಗೆ ಅದು ಹತ್ತಿತು. ಮಧ್ಯಯುಗದವರಿಗೆ ‘ಮೇಲ್’ ಎಂದರೆ ಉಂಗುರಗಳ ಹೆಣಿಗೆಯೇ ಆದ್ದರಿಂದ ಅದಕ್ಕೆ ‘ಚೈನ್’ ಸೇರಿಸುವ ಅಗತ್ಯವಿರಲಿಲ್ಲ. ‘ಪ್ಲೇಟ್ ಮೇಲ್’ ಎನ್ನುವುದಂತೂ ತಗಡಿನ ಬಲೆ ಎಂದಂತೆ, ಒಂದಕ್ಕೊಂದು ಹೊಂದದ ಮಾತು.

ಇದರಲ್ಲಿ ಎಲ್ಲ ತಪ್ಪನ್ನೂ ಗ್ರೋಸ್ ಮೇಲೆ ಹೊರಿಸುವುದು ನ್ಯಾಯವಲ್ಲ. ಇಂಗ್ಲಿಷಿನಲ್ಲಿ ‘ಮೇಲ್’ ಎಂಬುದು ಅದಕ್ಕೂ ಬಹಳ ಮೊದಲೇ ಯಾವುದೇ ಕವಚ ಎಂಬ ಸಡಿಲ ಅರ್ಥಕ್ಕೆ ಜಾರಿತ್ತು. 1611ರ ಇಂಗ್ಲಿಷ್ ಬೈಬಲಿನಲ್ಲಿ ದೈತ್ಯ ಗೋಲಿಯಾತನು ‘ಕೋಟ್ ಆಫ್ ಮೇಲ್’ ತೊಟ್ಟು ಬರುತ್ತಾನೆ. ಹೀಬ್ರೂ ಮೂಲದಲ್ಲಿ ಇರುವುದು ಮೀನಿನ ಹುರುಪೆಗೆ ಬಳಸುವ ಪದ. ಅವನದು ಉಂಗುರಗಳ ಹೆಣಿಗೆಯಲ್ಲ, ಹುರುಪೆಯಂತೆ ಒಂದರ ಮೇಲೊಂದು ಕೂತ ಕಂಚಿನ ತಗಡುಗಳ ಕವಚ.

ಲೀಡ್ಸ್ ನಿವಾಸಿ ಅವರ ಉತ್ತರ

ಹಳೆಯೋದುಗ ಅವರು ಪದಗಳ ಹುಟ್ಟನ್ನು ಚೆನ್ನಾಗಿ ವಿವರಿಸಿದ್ದಾರೆ. ತುಂಗಾತೀರ ಅವರು ಕೇಳಿದ ಹಳೆಯ ಪುಸ್ತಕದ ವಿಂಗಡಣೆಯ ಬಗ್ಗೆ ನಾನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇಂದಿಗೂ ಜಾಲತಾಣಗಳಲ್ಲಿ ಹರಡುತ್ತಿರುವ ತಪ್ಪು ಅದೇ.

ಸ್ಯಾಮ್ಯುಯೆಲ್ ರಶ್ ಮೇರಿಕ್ ಎಂಬ ವಿದ್ವಾಂಸರು 1821ರಲ್ಲಿ ಒಂದು ಪ್ರಬಂಧವನ್ನೂ 1824ರಲ್ಲಿ ದೊಡ್ಡ ಗ್ರಂಥವನ್ನೂ ಪ್ರಕಟಿಸಿ ಕವಚಗಳ ಅಧ್ಯಯನಕ್ಕೆ ಅಡಿಪಾಯ ಹಾಕಿದರು. ಅವರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಅವರ ಮುಂದೆ ಇದ್ದ ಆಧಾರದಲ್ಲಿ ಬಹುಪಾಲು ಚಿತ್ರಗಳು, ಮುದ್ರೆಗಳು, ಗೋರಿಗಳ ಮೇಲಿನ ಪ್ರತಿಮೆಗಳು. ಸಾವಿರಾರು ಉಂಗುರಗಳಿರುವ ಅಂಗಿಯನ್ನು ಒಂದು ಗೇಣು ಎತ್ತರದ ಚಿತ್ರದಲ್ಲಿ ಉಂಗುರ ಉಂಗುರವಾಗಿ ತೋರಿಸಲು ಯಾವ ಕಲಾವಿದನಿಗೂ ಸಾಧ್ಯವಿಲ್ಲ, ಆದ್ದರಿಂದ ಒಬ್ಬೊಬ್ಬರೂ ಒಂದೊಂದು ಸಂಕೇತವನ್ನು ಬಳಸಿದರು: ಒಬ್ಬ ದೊಡ್ಡ ವೃತ್ತಗಳನ್ನು ಬಿಡಿಸಿದ, ಇನ್ನೊಬ್ಬ ಓರೆಗೆರೆಗಳ ಜಾಲವನ್ನು, ಮತ್ತೊಬ್ಬ ಸಾಲುಸಾಲಾಗಿ ಅರ್ಧಚಂದ್ರಗಳನ್ನು ಬರೆದು ನಡುವೆ ಪಟ್ಟಿ ಎಳೆದ. ಮೇರಿಕ್ ಈ ಒಂದೊಂದು ಸಂಕೇತವನ್ನೂ ಒಂದೊಂದು ಬೇರೆ ಕವಚವೆಂದು ತಿಳಿದು ಹೆಸರಿಟ್ಟರು. ಚರ್ಮದ ಮೇಲೆ ಬಿಡಿ ಉಂಗುರಗಳನ್ನು ಹೊಲಿದು ಮಾಡಿದ ‘ರಿಂಗ್ ಮೇಲ್’ ಎಂಬ ಕಲ್ಪನೆ ಬಂದದ್ದು ಹೀಗೆ. ಅಂಥ ಕವಚದ ಒಂದು ತುಂಡೂ ಮಧ್ಯಯುಗದ ಯುರೋಪಿನ ಉತ್ಖನನಗಳಲ್ಲಿ ದೊರೆತಿಲ್ಲ. ದೊರೆತಿರುವುದೆಲ್ಲ ಒಂದಕ್ಕೊಂದು ಕೋದ ಹೆಣಿಗೆ. ನಾರ್ವೆಯ ಯರ್ಮುಂಡ್‌ಬು ಎಂಬಲ್ಲಿ 1943ರಲ್ಲಿ ಸಿಕ್ಕ ವೈಕಿಂಗ್ ಕಾಲದ ಕವಚದ ಚೂರುಗಳು ಹಾಗೆಯೇ ಇವೆ. ಸ್ವೀಡನ್ನಿನ ವಿಸ್ಬಿಯಲ್ಲಿ 1361ರ ಕದನದಲ್ಲಿ ಮಡಿದವರನ್ನು ಒಟ್ಟಾಗಿ ಹೂಳಿದ ಗುಂಡಿಗಳಲ್ಲಿ ತಲೆಬುರುಡೆಗಳಿಗೆ ಅಂಟಿಕೊಂಡೇ ಸಿಕ್ಕ ತಲೆಮುಸುಕುಗಳೂ ಹಾಗೆಯೇ.

ಹೇಸ್ಟಿಂಗ್ಸ್ ಕದನದ ಕಥೆಯನ್ನು ಚಿತ್ರಿಸುವ, ನಿಮ್ಮ ಪುಸ್ತಕಕ್ಕೆ ಮುಖ್ಯವಾದ ಬೇಯೂ ಕಸೂತಿಯನ್ನೇ ನೋಡಿ. ಸುಮಾರು 68 ಮೀಟರ್ ಉದ್ದದ ಆ ನಾರುಬಟ್ಟೆಯ ಮೇಲೆ ಉಣ್ಣೆಯ ದಾರದಿಂದ ಹೊಲಿದಿರುವ ಯೋಧರಲ್ಲಿ ಹೆಚ್ಚಿನವರ ಮೈಮೇಲೆ ವೃತ್ತಗಳಿವೆ, ಕೆಲವರ ಮೈಮೇಲೆ ಓರೆಗೆರೆಗಳ ಜಾಲವಿದೆ. ಇದು ಕಸೂತಿ ಹಾಕಿದವರ ಸೂಜಿಯ ವ್ಯತ್ಯಾಸ, ಕವಚದ ವ್ಯತ್ಯಾಸವಲ್ಲ. ಅದೇ ಕಸೂತಿಯಲ್ಲಿ ಎರಡು ದೃಶ್ಯಗಳನ್ನು ನೀವು ಮಕ್ಕಳಿಗೆ ತೋರಿಸಲೇಬೇಕು. ಹಡಗುಗಳಿಗೆ ಸಾಮಾನು ಸಾಗಿಸುವ ದೃಶ್ಯದಲ್ಲಿ, ‘ಇವರು ಹಡಗುಗಳಿಗೆ ಆಯುಧಗಳನ್ನು ಹೊರುತ್ತಾರೆ’ ಎಂಬ ಲ್ಯಾಟಿನ್ ಬರಹದ ಕೆಳಗೆ, ಕವಚದ ಎರಡು ತೋಳುಗಳೊಳಗೂ ಒಂದು ಗಳುವನ್ನು ತೂರಿಸಿ, ಅದರ ತುದಿಗಳನ್ನು ಇಬ್ಬರು ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದಾರೆ. ಕದನದ ಕೊನೆಯಲ್ಲಿ ಕೆಳಗಿನ ಅಂಚಿನ ಪಟ್ಟಿಯಲ್ಲಿ ಸತ್ತವರ ಕವಚವನ್ನು ತಲೆಯ ಮೇಲಿನಿಂದ ಎಳೆದು ಕಳಚುತ್ತಿದ್ದಾರೆ, ಅಂಗಿ ಒಳಹೊರಗಾಗಿ ಮಗುಚಿಕೊಂಡಿದೆ, ಕೆಳಗೆ ಬರಿಮೈಯ ಹೆಣ. ಅದು ಎಷ್ಟು ಬೆಲೆಬಾಳುವ ವಸ್ತುವಾಗಿತ್ತು ಎಂಬುದನ್ನು ಆ ಒಂದು ಮೂಲೆಯ ಚಿತ್ರ ಹೇಳುತ್ತದೆ.

‘ಹಾಬರ್ಕ್’ ಮತ್ತು ‘ಹಾಬರ್ಜನ್’ಗಳ ವ್ಯತ್ಯಾಸಕ್ಕೆ ಬರುತ್ತೇನೆ. ಮೊಣಕಾಲಿನವರೆಗೆ ಇಳಿದರೆ ಹಾಬರ್ಕ್, ತೊಡೆಯ ನಡುವಿಗೆ ನಿಂತರೆ ಹಾಬರ್ಜನ್ ಎಂಬ ಅಳತೆಗೋಲು ಇಂದಿನವರ ಅನುಕೂಲಕ್ಕೆ ಮಾಡಿಕೊಂಡದ್ದು. ಆ ಕಾಲದ ಕಾನೂನುಗಳಲ್ಲಿ ಅಂಗುಲದ ಲೆಕ್ಕವಿಲ್ಲ, ಆಸ್ತಿಯ ಲೆಕ್ಕವಿದೆ. ಎರಡನೆಯ ಹೆನ್ರಿ 1181ರಲ್ಲಿ ಹೊರಡಿಸಿದ ಆಯುಧ ಶಾಸನದ ಪ್ರಕಾರ 16 ಮಾರ್ಕ್ ಬೆಲೆಯ ಸೊತ್ತುಳ್ಳ ಸ್ವತಂತ್ರ ಪ್ರಜೆ ‘ಲೋರಿಕ’ವನ್ನು, ಅಂದರೆ ಲ್ಯಾಟಿನ್ ಹೆಸರಿನ ಹಾಬರ್ಕನ್ನು, ಇಟ್ಟುಕೊಂಡಿರಬೇಕು; 10 ಮಾರ್ಕ್ ಉಳ್ಳವನಿಗೆ ಅದರ ಕಿರಿಯ ರೂಪವಾದ ‘ಆಬರ್ಜೆಲ್’ ಸಾಕು; ಅವರಿಗಿಂತ ಕೆಳಗಿನವರಿಗೆ ಒತ್ತಾಗಿ ಹೊಲಿದ ದಪ್ಪ ಬಟ್ಟೆಯ ಅಂಗಿ. 1285ರ ವಿಂಚೆಸ್ಟರ್ ಶಾಸನದಲ್ಲಿಯೂ 15 ಪೌಂಡ್ ಆದಾಯದ ಭೂಮಿಯುಳ್ಳವನಿಗೆ ಹಾಬರ್ಕ್, 10 ಪೌಂಡಿನವನಿಗೆ ಹಾಬರ್ಜನ್. ಮುಂದಿನ ಶತಮಾನದಲ್ಲಿ ಕವಿ ಚಾಸರ್ ತನ್ನ ಯಾತ್ರಿಕರ ನಡುವಿನ ನೈಟ್‌ನನ್ನು ಪರಿಚಯಿಸುವಾಗ, ಅವನ ಒರಟು ಬಟ್ಟೆಯ ಮೇಲಂಗಿಗೆಲ್ಲ ಹಾಬರ್ಜನ್ನಿನ ಕಲೆ ಹತ್ತಿತ್ತು ಎನ್ನುತ್ತಾನೆ. ನಿಮ್ಮ ಪುಸ್ತಕ 1066ರದ್ದಾದ್ದರಿಂದ ನಾರ್ಮನ್ನರಿಗೆ ‘ಹಾಬರ್ಕ್’, ಇಂಗ್ಲಿಷರಿಗೆ ‘ಬರ್ನಿ’ ಎಂದರೆ ಸಾಕು, ಹಾಬರ್ಜನ್ನನ್ನು ಬಿಟ್ಟುಬಿಡಿ.

ಕನ್ನಡ ಪದದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ‘ಸರಪಳಿ ಕವಚ’ ಎಂದೊಡನೆ ಮಗುವಿನ ಮನಸ್ಸಿನಲ್ಲಿ ಏನೋ ಒಂದು ಚಿತ್ರ ಮೂಡುತ್ತದೆ. ಅದನ್ನು ಪೂರ್ತಿಯಾಗಿ ತೆಗೆದುಹಾಕುವುದಕ್ಕಿಂತ ಮೊದಲ ಸಲ ಬಳಸಿ, ಬಳಿಕ ತಿದ್ದುವುದು ಒಳ್ಳೆಯದೆಂದು ತೋರುತ್ತದೆ.

ಕಮ್ಮಟ ಅವರ ಉತ್ತರ

ನಾನು ಇತಿಹಾಸ ಓದಿದವನಲ್ಲ. ನಮ್ಮದು ಚಿನ್ನಬೆಳ್ಳಿಯ ಕೆಲಸದ ಮನೆತನ. ಕುತೂಹಲಕ್ಕೆ ಕಬ್ಬಿಣದ ತಂತಿಯಿಂದ ಈ ಹೆಣಿಗೆಯ ಅಂಗೈಯಗಲದ ಒಂದು ತುಂಡನ್ನು ಮಾಡಿ ನೋಡಿದ್ದೇನೆ. ಆ ಅನುಭವದಿಂದ ಎರಡು ಮಾತು ಹೇಳುವುದಿದೆ, ಏಕೆಂದರೆ ‘ಸರಪಳಿ’ ಎಂಬುದು ಏಕೆ ಸಲ್ಲದು ಎನ್ನುವುದು ಕೈಯಲ್ಲಿ ಹಿಡಿದಾಗ ತಾನಾಗಿ ತಿಳಿಯುತ್ತದೆ.

ಸರಪಳಿಯಲ್ಲಿ ಒಂದು ಕೊಂಡಿ ಹಿಂದಿನದಕ್ಕೂ ಮುಂದಿನದಕ್ಕೂ ಮಾತ್ರ ಸಿಕ್ಕಿಕೊಂಡಿರುತ್ತದೆ, ಹಾಗಾಗಿ ಅದು ಎಷ್ಟು ಬೆಳೆದರೂ ಒಂದು ಗೆರೆಯೇ. ಈ ಹೆಣಿಗೆಯಲ್ಲಿ ಒಂದೊಂದು ಉಂಗುರವೂ ಮೇಲಿನ ಸಾಲಿನ ಎರಡು, ಕೆಳಗಿನ ಸಾಲಿನ ಎರಡು, ಒಟ್ಟು ನಾಲ್ಕು ಉಂಗುರಗಳನ್ನು ಹಿಡಿದಿರುತ್ತದೆ, ಆದ್ದರಿಂದ ಅದು ಬಟ್ಟೆಯಾಗಿ ಹರಡಿಕೊಳ್ಳುತ್ತದೆ. ಒಂದು ದಿಕ್ಕಿಗೆ ಎಳೆದರೆ ಹಿಗ್ಗುತ್ತದೆ, ಅಡ್ಡಕ್ಕೆ ಎಳೆದರೆ ಬಿಗಿಯುತ್ತದೆ. ಅಂಗೈ ಮೇಲೆ ಹಾಕಿಕೊಂಡರೆ ನೀರಿನಂತೆ ಬೆರಳ ಸಂದುಗಳಿಗೆ ಇಳಿಯುತ್ತದೆ. ನೆಲಕ್ಕೆ ಬಿಟ್ಟರೆ ಮುದ್ದೆಯಾಗಿ ಕುಸಿಯುತ್ತದೆ. ಲೀಡ್ಸ್‌ನವರು ಹೇಳಿದ ಗಳುವಿನ ಚಿತ್ರವನ್ನು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ: ಹತ್ತು ಕಿಲೋ ತೂಗುವ, ಆಕಾರವೇ ನಿಲ್ಲದ ಅಂಗಿಯನ್ನು ಕೈಯಲ್ಲಿ ಹೊರುವುದಕ್ಕಿಂತ ಗಳುವಿಗೆ ಏರಿಸುವುದೇ ಸುಲಭ.

ಕೆಲಸದ ಕ್ರಮ ನಮ್ಮ ಕಸುಬಿಗೆ ತೀರ ದೂರದ್ದಲ್ಲ. ತಂತಿಯನ್ನು ಸರಳಿಗೆ ಬಿಗಿಯಾಗಿ ಸುತ್ತಿ, ಸುರುಳಿಯನ್ನು ಉದ್ದಕ್ಕೆ ಕತ್ತರಿಸಿದರೆ ಬಿಡಿ ಉಂಗುರಗಳು ಉದುರುತ್ತವೆ. ನಾನು ಮೊದಲು ತುದಿಗಳನ್ನು ಇಕ್ಕಳದಿಂದ ಕೂಡಿಸಿ ಬಿಟ್ಟಿದ್ದೆ. ಮೂರು ಸಂಜೆ ಕೂತು ಮಾಡಿದ ತುಂಡನ್ನು ಮೊಳೆಗೆ ಸಿಕ್ಕಿಸಿ ಎಳೆದಾಗ ಉಂಗುರಗಳು ಬಾಯ್ದೆರೆದು ಸಾಲಾಗಿ ಬಿಚ್ಚಿಕೊಂಡವು. ಹಳಬರು ಹಾಗೆ ಬಿಡುತ್ತಿರಲಿಲ್ಲ. ತುದಿಗಳನ್ನು ಒಂದರ ಮೇಲೊಂದು ಬರುವಂತೆ ಬಾಗಿಸಿ, ಬಡಿದು ಚಪ್ಪಟೆ ಮಾಡಿ, ತೂತು ಕೊರೆದು, ಅದರಲ್ಲಿ ಸಾಸಿವೆಗಿಂತ ಚಿಕ್ಕ ರಿವೆಟ್ ಕೂರಿಸಿ ಜಜ್ಜುತ್ತಿದ್ದರು. ಎಷ್ಟೋ ಕವಚಗಳಲ್ಲಿ ಒಂದು ಸಾಲು ಬೆಸುಗೆಯಿಲ್ಲದ ಇಡೀ ಉಂಗುರ, ಮುಂದಿನ ಸಾಲು ರಿವೆಟ್ ಹಾಕಿದ್ದು, ಹೀಗೆ ಬದಲಾಗುತ್ತ ಹೋಗುತ್ತದೆ. ಇದರಿಂದ ರಿವೆಟ್ ಕೆಲಸ ಅರ್ಧಕ್ಕಿಳಿಯುತ್ತದೆ. ಆದರೂ ಒಂದು ಅಂಗಿಗೆ ಇಪ್ಪತ್ತು ಮೂವತ್ತು ಸಾವಿರ ಉಂಗುರ ಬೇಕು. ಅದನ್ನು ಹೆಣದಿಂದ ಕಳಚಿ ಒಯ್ಯದೆ ಬಿಡುತ್ತಾರೆಯೇ?

ಒಂದು ಎಚ್ಚರಿಕೆ. ‘ಸರಪಳಿ’ಯನ್ನು ಬಿಟ್ಟು ‘ಉಂಗುರ ಕವಚ’ ಎಂದು ಬರೆದೀರಿ. ಅದು ಲೀಡ್ಸ್‌ನವರು ಹೇಳಿದ, ಚರ್ಮಕ್ಕೆ ಉಂಗುರ ಹೊಲಿದ ಕಲ್ಪನೆಯ ಕವಚವನ್ನೇ ನೆನಪಿಸುತ್ತದೆ. ಹೆಸರಿನಲ್ಲಿ ಉಂಗುರಕ್ಕಿಂತ ಹೆಣಿಗೆ ಎದ್ದು ಕಾಣಬೇಕು.

ಹಳೆಯೋದುಗ ಅವರ ಮರು ಉತ್ತರ

ಕಮ್ಮಟ ಅವರ ಮಾತು ನನ್ನನ್ನು ಹಳೆಯ ಪುಸ್ತಕಗಳ ಕಡೆಗೆ ಮತ್ತೆ ಕಳುಹಿಸಿತು. ಅಮರಕೋಶ ಕವಚಕ್ಕೆ ತನುತ್ರ, ವರ್ಮ, ದಂಶನ, ಉರಶ್ಛದ, ಕಂಕಟಕ, ಜಗರ, ಕವಚ ಎಂದು 7 ಪದಗಳನ್ನು ಕೊಡುತ್ತದೆ. ಮೈ ಕಾಯುವುದು, ಎದೆ ಮುಚ್ಚುವುದು ಎಂಬಂಥ ಅರ್ಥ ಇವುಗಳಲ್ಲಿದೆ. ಕೊರಳುಗಾಪು ಎಂಬ ‘ಹಾಬರ್ಕ್’ನ ಮೂಲಾರ್ಥವೂ ಈ ಬಗೆಯದೇ. ಹೇಗೆ ಮಾಡಿದ್ದು ಎಂಬುದನ್ನು ಇವು ಹೇಳುವುದಿಲ್ಲ. ಕುಮಾರವ್ಯಾಸನಲ್ಲಿ ಬರುವ ‘ಜೋಡು’, ‘ವಜ್ರಾಂಗಿ’ಗಳೂ ಅಷ್ಟೇ. ‘ಜೋಡು’ ನನಗೆ ಬಹಳ ಪ್ರಿಯವಾದ ಪದ, ಆದರೆ ಇಂದಿನ ಮಗು ಅದನ್ನು ಪಾದರಕ್ಷೆ ಎಂದೇ ಓದುತ್ತದೆ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆಯುಧಾಗಾರದ ಅಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಅಧ್ಯಾಯದಲ್ಲಿ ಮಾತ್ರ ಕವಚಗಳ ಪಟ್ಟಿಯ ಮೊದಲಿಗೇ ‘ಲೋಹಜಾಲಿಕಾ’ ಎಂಬ ಪದವಿದೆ. ಲೋಹದ ಬಲೆ. ಆ ಕವಚ ಯುರೋಪಿನದರಂತೆಯೇ ಇತ್ತೆಂದು ಒಂದು ಪದದ ಬಲದಿಂದ ನಾನು ವಾದಿಸುವುದಿಲ್ಲ. ಆದರೆ ಲ್ಯಾಟಿನ್ನಿನ ‘ಮಾಕುಲ’, ಬೇವುಲ್ಫ್ ಕವಿಯ ಬಲೆ, ಈ ‘ಜಾಲಿಕೆ’ ಮೂರೂ ಒಂದೇ ಹೋಲಿಕೆಯನ್ನು ಹಿಡಿದಿರುವಾಗ ನಾವು ಸರಪಳಿಯನ್ನು ಏಕೆ ಹಿಡಿಯಬೇಕು? ಹಣ ಕಟ್ಟುವ ಜಾಳಿಗೆಯನ್ನು ಬಲ್ಲ ನಾಡಿಗೆ ‘ಜಾಲಿಕೆ’ ಪರಕೀಯವಲ್ಲ.

ಇನ್ನೂ ಒಂದು ಅಂಶವಿದೆ. ‘ಮೇಲ್’ ಎಂಬುದು ಹೆಣಿಗೆಯ ಹೆಸರು, ‘ಹಾಬರ್ಕ್’ ಎಂಬುದು ಆ ಹೆಣಿಗೆಯಿಂದ ಮಾಡಿದ ಉಡುಪಿನ ಹೆಸರು. ಖಾದಿ ಬೇರೆ, ಜುಬ್ಬಾ ಬೇರೆ ಅಲ್ಲವೇ? ಕನ್ನಡದಲ್ಲಿ ಎರಡಕ್ಕೂ ‘ಕವಚ’ ಎಂದುಬಿಟ್ಟರೆ ಈ ಭೇದ ಅಳಿಸಿಹೋಗುತ್ತದೆ. ಹೆಣಿಗೆಗೆ ‘ಜಾಲಿಕೆ’, ಅಂಗಿಗೆ ‘ಜಾಲಿಕೆಯಂಗಿ’ ಎಂದರೆ ಎರಡೂ ಉಳಿಯುತ್ತವೆ.

ತುಂಗಾತೀರ

ತಮ್ಮೆಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಖಾದಿ ಮತ್ತು ಜುಬ್ಬಾದ ಹೋಲಿಕೆ ನನ್ನ ಕಣ್ಣು ತೆರೆಸಿತು. ಅದನ್ನು ಹಾಗೆಯೇ ಪುಸ್ತಕದಲ್ಲಿ ಬಳಸಲು ಅನುಮತಿ ಕೋರುತ್ತೇನೆ. ತಿದ್ದಿದ ಭಾಗವನ್ನು ಇಲ್ಲಿ ಕೊಡುತ್ತಿದ್ದೇನೆ:

‘ನಾರ್ಮನ್ ಸವಾರರು ತೊಟ್ಟಿದ್ದ ಅಂಗಿಗೆ ಹಾಬರ್ಕ್ ಎಂದು ಹೆಸರು. ಅದನ್ನು ಕಬ್ಬಿಣದ ಜಾಲಿಕೆಯಿಂದ ಮಾಡುತ್ತಿದ್ದರು. ಸಾವಿರಾರು ಚಿಕ್ಕ ಉಂಗುರಗಳನ್ನು, ಒಂದೊಂದೂ ಸುತ್ತಲಿನ ನಾಲ್ಕನ್ನು ಹಿಡಿಯುವಂತೆ ಹೆಣೆದರೆ ಜಾಲಿಕೆಯಾಗುತ್ತದೆ. ಕೆಲವು ಪುಸ್ತಕಗಳಲ್ಲಿ ಇದನ್ನು ಸರಪಳಿ ಕವಚ ಎಂದೂ ಕರೆದಿರುತ್ತಾರೆ. ಆದರೆ ಸರಪಳಿಗಿಂತ ಇದು ಮೀನಿನ ಬಲೆಗೆ ಹತ್ತಿರ. ಈ ಜಾಲಿಕೆಯಂಗಿಯನ್ನು ಹಡಗಿಗೆ ಸಾಗಿಸುವಾಗ ಇಬ್ಬರು ಗಳುವಿನ ಮೇಲೆ ಹೊರುತ್ತಿದ್ದರು. ಚಿತ್ರ ನೋಡಿ.’

ಲೀಡ್ಸ್ ನಿವಾಸಿಯವರ ಸಲಹೆಯನ್ನು ಅರ್ಧ ಮಾತ್ರ ಪಾಲಿಸಿದ್ದೇನೆ: ಸರಪಳಿಯನ್ನು ಮೊದಲ ಸಾಲಿನಲ್ಲಿ ಇಡದೆ ನಡುವೆ ಇಟ್ಟಿದ್ದೇನೆ. ಒಂದು ಸಂದೇಹ ಉಳಿದಿದೆ. ತಲೆಯನ್ನೂ ಕೊರಳನ್ನೂ ಮುಚ್ಚುವ, ಮುಖವನ್ನು ಮಾತ್ರ ತೆರೆದಿಡುವ ಭಾಗಕ್ಕೆ ಏನೆನ್ನಬೇಕು? ಒಂದು ಪುಸ್ತಕದಲ್ಲಿ ‘ಕಮಾಯ್’ ಎಂದಿದೆ.

ಲೀಡ್ಸ್ ನಿವಾಸಿ

ತಾವು ಇಟ್ಟಿರುವ ಜಾಗವೇ ಸರಿಯಾಗಿದೆ, ನನ್ನ ಆಕ್ಷೇಪಣೆಯಿಲ್ಲ. ‘ಕಮಾಯ್’ ಎಂಬುದು ಶಿರಸ್ತ್ರಾಣದ ಅಂಚಿನಿಂದ ಹೆಗಲಿಗೆ ಇಳಿಬಿಡುವ ಜಾಲಿಕೆಗೆ ಮುಂದೆ ಬಂದ ಹೆಸರು, ಅದನ್ನು ಈ ಪುಸ್ತಕಕ್ಕೆ ತರಬೇಡಿ. ಹೇಸ್ಟಿಂಗ್ಸ್ ಯೋಧರದು ತಲೆಗೆ ಎಳೆದುಕೊಳ್ಳುವ ಮುಸುಕು, ಅದರ ಮೇಲೆ ಮೂಗುಪಟ್ಟಿಯ ಶಿರಸ್ತ್ರಾಣ. ಇಂಗ್ಲಿಷಿನಲ್ಲಿ ಆ ಮುಸುಕನ್ನು ‘ಕಾಯ್ಫ್’ ಎನ್ನುತ್ತಾರೆ.

ಕಮ್ಮಟ

ನಮ್ಮ ಮನೆಗಳಲ್ಲಿ ಎಳೆಗೂಸಿಗೆ ತಲೆ, ಕಿವಿ ಮುಚ್ಚುವಂತೆ ತೊಡಿಸುವುದು ಇದೇ ಆಕಾರದ್ದು. ‘ಜಾಲಿಕೆಯ ಕುಲಾವಿ’ ಎಂದು ಬರೆಯಿರಿ. ಯಾವ ಮಗುವಿಗೂ ಚಿತ್ರ ಬೇಕಾಗುವುದಿಲ್ಲ.